ತಂಗಿಯ ಹೊಟ್ಟೆ, ನನ್ನ ಸೌಟು

ನನ್ನ ತಂಗಿ ಇವತ್ತಿಗೂ ನಾನು ಬಡಿಸಿದ್ದನ್ನು ಉಣ್ಣುತ್ತಾಳೆ. ಅದು ಅವಳ ದೊಡ್ಡತನ.

ಹೊಸನಗರದಲ್ಲಿ ಅವಳಿಗೊಂದು ಹೊಲಿಗೆ ಅಂಗಡಿ ಇದೆ. ಗಂಡ ಲಾರಿ ಓಡಿಸುವವನು, ಮನೆಗೆ ಬರುವುದು ಅಪರೂಪ. ಎರಡನೇ ಬಾಣಂತನಕ್ಕೆ ಅದೇ ಊರಿನ ನನ್ನ ಮನೆಗೆ ಬಂದವಳು ಮಕ್ಕಳೊಂದಿಗೆ ನನ್ನ ಜೊತೆಗೇ ಉಳಿದಳು. ಅವಳದು ಹೊಲಿಗೆ, ನನ್ನದು ಅಡಿಗೆ.

ಆ ಹೆರಿಗೆಯ ನಂತರ ಅವಳ ಹೊಟ್ಟೆ ವಿಚಿತ್ರವಾಯಿತು. ಬೆಳಿಗ್ಗೆ ಚಪ್ಪಟೆ. ದಿನವಿಡೀ ಮಿಷಿನ್ನಿನ ಮುಂದೆ ಬಗ್ಗಿ ಕೂತು ಎದ್ದರೆ ಸಂಜೆಗೆ ಗುಡಾಣ, ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ. ಅಳತೆ ಕೊಡಲು ಬಂದ ಹೆಂಗಸೊಬ್ಬಳು, "ಏನಮ್ಮ, ಮತ್ತೆ ವಿಶೇಷವಾ?" ಎಂದಳು. ತಂಗಿ ಬಾಯಿ ತೆರೆಯುವ ಮೊದಲೇ ನಾನು, "ಎಂತ ವಿಶೇಷವೂ ಇಲ್ಲ ಮಾರಾಯ್ರೆ, ಒಳಗಿರೋದೆಲ್ಲ ನಾ ಬೇಯಿಸಿದ ಅನ್ನ!" ಎಂದೆ. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ಆದರೆ ಆ ಹೆಂಗಸಿನ ಸೊಂಟಕ್ಕೆ ಟೇಪು ಸುತ್ತುವಾಗ ಮುಖ ಎತ್ತಲಿಲ್ಲ.

ಅಲ್ಲಿಂದ ನಾನು ಅವಳ ಅನ್ನ ಕಡಿಮೆ ಮಾಡಿದೆ. ರಾತ್ರಿ ಅರ್ಧ ಸೌಟು, ಮೇಲೆ ಓಮದ ನೀರು. "ಅಕ್ಕ, ಹಸಿವಾಗ್ತದೆ" ಎಂದರೆ, "ಹೊಟ್ಟೆ ನೋಡ್ಕೊಂಡು ಮಾತಾಡೇ" ಎನ್ನುತ್ತಿದ್ದೆ. ಅವಳ ಬಳೆ ಮೊಣಕೈವರೆಗೆ ಜಾರತೊಡಗಿತು. ಸಂಜೆಯ ಹೊಟ್ಟೆ ಮಾತ್ರ ಹಾಗೇ ಇತ್ತು. ಅದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ.

ಒಂದು ದಿನ ತಲೆ ತಿರುಗಿ ಮಿಷಿನ್ನಿನ ಮೇಲೇ ಒರಗಿದಳು. ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಕಡಿಮೆ ಎಂದರು. ಸ್ಕ್ಯಾನಿಂಗಿನಲ್ಲಿ ಗಡ್ಡೆ, ನೀರು ಏನೂ ಕಾಣಲಿಲ್ಲ. ಡಾಕ್ಟರು ವ್ಯಾಯಾಮ ಹೇಳಿಕೊಡುವ ಮೇಡಂ ಹತ್ತಿರ ಕಳಿಸಿದರು. ಅವರು ತಂಗಿಯನ್ನು ಅಂಗಾತ ಮಲಗಿಸಿ, ತಲೆ ಎತ್ತಲು ಹೇಳಿ, ನನ್ನನ್ನು ಕರೆದರು. "ಇಲ್ಲಿ ಮುಟ್ಟಿ ನೋಡಿ." ಹೊಕ್ಕುಳಿನ ಮೇಲ್ಭಾಗದಲ್ಲಿ ನನ್ನ ಬೆರಳುಗಳು ಮೆತ್ತಗೆ ಒಳಗಿಳಿದವು.

"ಬಸುರಲ್ಲಿ ಬಿಟ್ಕೊಂಡ ಸ್ನಾಯು ಮತ್ತೆ ಕೂಡಿಲ್ಲ. ಬಗ್ಗಿ ಕೂತು ಕೂತು ಉಸಿರಾಟನೂ ಕೆಟ್ಟಿದೆ. ಸಂಜೆಗೆ ಹೊಟ್ಟೆ ಹಿಡಿದಿಡೋಕೆ ಬಲ ಸಾಲಲ್ಲ. ಊಟ ಬಿಟ್ರೆ ಇದು ಹೋಗಲ್ಲಮ್ಮ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅದು ಅರ್ಥವಾಯಿತು. ಅವಳ ಬಾಣಂತನ ಮಾಡಿದವಳು ನಾನೇ. ಮದುವೆ ಬಟ್ಟೆಗಳು ರಾಶಿ ಬಿದ್ದಿವೆಯೆಂದು ಬೇಗ ಎಬ್ಬಿಸಿ ಮಿಷಿನ್ನಿಗೆ ಕೂರಿಸಿದವಳೂ ನಾನೇ.

ಬಸ್ಸಿನಲ್ಲಿ, "ತಪ್ಪಾಯ್ತೇ" ಎಂದೆ.

"ಸುಮ್ನಿರಕ್ಕ. ಅಳೋದ್ರ ಬದ್ಲು ಬಸ್‌ಸ್ಟ್ಯಾಂಡಲ್ಲಿ ಎರಡು ಬನ್ಸ್ ಕೊಡ್ಸಿದ್ರೆ ಆಗ್ತಿತ್ತು" ಎಂದಳು.

ಈಗ ದಿನಾ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಟ್ಟೆ ಕತ್ತರಿಸುವ ಚಾಪೆಯ ಮೇಲೆ ಮಲಗಿ, ಮೇಡಂ ಕಲಿಸಿದಂತೆ ನಿಧಾನವಾಗಿ ಉಸಿರಾಡುತ್ತಾಳೆ. ಉಸಿರು ಎಲ್ಲಿಯವರೆಗೆ ಇಳಿಯಿತೆಂದು ನಾನು ಹೇಳಲೆಂದು ನನ್ನ ಕೈಯನ್ನು ತಾನೇ ಎಳೆದು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಾಳೆ. ಆ ನಂಬಿಕೆಗೆ ನಾನು ಏನು ಕೊಟ್ಟರೂ ಕಡಿಮೆ. ಉಬ್ಬರ ಪೂರ್ತಿ ಹೋಗಿಲ್ಲ. ನೆರಿಗೆ ಮಾತ್ರ ಸಂಜೆಯವರೆಗೂ ನಿಲ್ಲುತ್ತಿದೆ.

ಬಡಿಸುವಾಗ ಹಳೇ ಅಭ್ಯಾಸಕ್ಕೆ ನನ್ನ ಕೈ ಕೆಲವೊಮ್ಮೆ ಅರ್ಧ ಸೌಟಿಗೇ ನಿಲ್ಲುತ್ತದೆ.

"ಹಾಕಕ್ಕ," ಎನ್ನುತ್ತಾಳೆ ತಟ್ಟೆ ಮುಂದೊಡ್ಡಿ, "ವಿಶೇಷ ಎಂತದೂ ಇಲ್ಲ, ಹಸಿವು ಅಷ್ಟೇ."