ಫೋಟೊ ಇಲ್ಲದೆ ಉತ್ತರವಿಲ್ಲ

ನಮ್ಮ ಗದಗ ಸೀಮೆಯಲ್ಲಿ ಲಿನಕ್ಸ್ ಬಳಸುವವರದೊಂದು ವಾಟ್ಸಾಪ್ ಗ್ರೂಪ್ ಇದೆ. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲ ಕಡೆಯ ಪಂಡಿತರೂ ಅದರಲ್ಲಿದ್ದಾರೆ. ಪಂಡಿತರು ಎಂದು ನಾನು ಗೌರವದಿಂದ ಬರೆದೆನೆಂದು ತಿಳಿಯಬೇಡಿ. ಕಂಪ್ಯೂಟರ್ ಕೆಟ್ಟು ತಲೆ ಮೇಲೆ ಕೈಹೊತ್ತವನು ಅಲ್ಲಿ ಹೋಗಿ ಒಂದು ಪ್ರಶ್ನೆ ಕೇಳಿದರೆ ಸಾಕು, ಸಂಜೆಯೊಳಗೆ ಚೆನ್ನಾಗಿದ್ದದ್ದೂ ಒಂದು ಕೆಟ್ಟಿರುತ್ತದೆ.

ನಾನು ಬೆಟಗೇರಿಯ ಒಂದು ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆ, ಹ್ಯಾಂಡ್‌ಬಿಲ್ಲು, ಅಂಗಡಿ ಉದ್ಘಾಟನೆಯ ಕಾರ್ಡು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸುವವಳು. ಮೊದಲು ನನ್ನ ಯಂತ್ರದಲ್ಲಿ ಕಂಪ್ಯೂಟರ್ ನಡೆಸುವ ತಂತ್ರಾಂಶದ, ಯಾರೋ ಹಾಕಿಕೊಟ್ಟ ಕದ್ದ ಕಾಪಿ ಇತ್ತು. ಲಗ್ನದ ಸೀಜನ್ನಿನಲ್ಲಿ ವೈರಸ್ ಹೊಕ್ಕು ಒಂದು ಮನೆಯ ಪತ್ರಿಕೆಯನ್ನೇ ನುಂಗಿಬಿಟ್ಟ ಮೇಲೆ ಅದರ ಬದಲು ಲಿನಕ್ಸ್ ಹಾಕಿಸಿಕೊಂಡೆ. ಪುಕ್ಕಟೆ ಸಿಗುತ್ತದೆ, ವೈರಸ್ಸಿನ ಕಾಟ ಕಡಿಮೆ. ಅದರಲ್ಲಿ ನಾನಾ ತಳಿಗಳಿವೆ, ಡಿಸ್ಟ್ರೋ ಎನ್ನುತ್ತಾರೆ. ನಮ್ಮ ಕಡೆ ಮೆಣಸಿನಕಾಯಿ ಬೀಜದ ವಿಷಯದಲ್ಲಿ ಹೇಗೋ ಹಾಗೆಯೇ, ಒಬ್ಬೊಬ್ಬನಿಗೂ ತಾನು ಹಾಕಿದ ತಳಿಯೇ ತಳಿ, ಉಳಿದವರದೆಲ್ಲ ಕಸ.

ಈ ಗ್ರೂಪಿನ ಅಡ್ಮಿನ್ ಗದಗಿನಲ್ಲಿ ಕೋಚಿಂಗ್ ಕ್ಲಾಸ್ ನಡೆಸುವ ಒಬ್ಬ ಮಹಾಶಯ. ಅವರ ನಿಯಮಗಳು ಸಂವಿಧಾನಕ್ಕಿಂತ ಗಟ್ಟಿ. ಪ್ರಶ್ನೆ ಕೇಳುವವರು ಪರದೆಯ ಫೋಟೊ ಹಾಕಲೇಬೇಕು, ಫೋಟೊ ಇಲ್ಲದೆ ಉತ್ತರವಿಲ್ಲ. ಮಾತಾಡಿ ರೆಕಾರ್ಡ್ ಮಾಡಿದ ಸಂದೇಶ ಕಳಿಸಕೂಡದು, ಕಳಿಸಿದರೆ ಅಳಿಸಲಾಗುವುದು. "ಗ್ರೂಪ್ ಅಂದ್ರ ರೇಡಿಯೋ ಅಲ್ಲ" ಎಂದು ವಾರಕ್ಕೊಮ್ಮೆ ನೆನಪಿಸುತ್ತಾರೆ. ಸಮಸ್ಯೆ ಪರಿಹಾರವಾದ ಮೇಲೂ ಫೋಟೊ ಹಾಕಬೇಕು. ರೋಗಿ ಎದ್ದು ಕೂತನೋ ಇಲ್ಲವೋ ವೈದ್ಯರಿಗೆ ಗೊತ್ತಾಗಬೇಡವೇ!

ಒಮ್ಮೆ ಮುಳಗುಂದದ ಒಬ್ಬ ಅಂಗಡಿಕಾರರು ಪ್ರಿಂಟರ್ ನಡೆಯುತ್ತಿಲ್ಲ ಎಂದು ಬರೆದರು. ಮುಂಡರಗಿಯ ಪಂಡಿತ ಡಿಸ್ಟ್ರೋ ಬದಲಿಸಿ ಎಂದ. ಶಿರಹಟ್ಟಿಯ ಪಂಡಿತ ಆ ಡಿಸ್ಟ್ರೋ ಬೇಡ, ಈ ಡಿಸ್ಟ್ರೋ ಎಂದ. ಇಬ್ಬರೂ ಮಧ್ಯಾಹ್ನದವರೆಗೆ ಕಿತ್ತಾಡಿದರು. ಆ ಪಾಪದ ಮನುಷ್ಯ ಇದ್ದದ್ದನ್ನೆಲ್ಲ ಅಳಿಸಿ ಹೊಸದು ಹಾಕಿಕೊಂಡು ಕೂತಾಗ ಪ್ರಿಂಟರಿನ ವೈರು ಗೋಡೆಯಿಂದ ಕಿತ್ತು ಬಿದ್ದಿರುವುದು ಕಂಡಿತಂತೆ. ಆದರೂ ಗ್ರೂಪಿನಲ್ಲಿ ಒಬ್ಬರ ಮುಖವೂ ಸಣ್ಣದಾಗಲಿಲ್ಲ. "ಹೆಂಗಾರ ಇರ್ಲಿ, ಹೊಸಾದು ಛಲೋ ಐತಿ" ಎಂದರು.

ಈಗ ಹೇಳಹೊರಟದ್ದು ಲಕ್ಷ್ಮೇಶ್ವರದ ಹುಡುಗನ ಕಥೆ. ಹುಡುಗ ಎಂದರೆ ಮೂವತ್ತರ ಆಸುಪಾಸಿನವನು. ಗ್ರೂಪಿನಲ್ಲಿ ಅವನೂ ನಮ್ಮೆಲ್ಲರ ಹಾಗೆ ಬರೀ ಒಂದು ನಂಬರು. ಆಮೇಲೆ ಅವನ ಬಾಯಿಂದ ಕೇಳಿದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನಮ್ಮ ಪಂಡಿತರ ಪ್ರತಾಪ ನಿಮಗೆ ಪೂರ್ತಿ ತಿಳಿಯುವುದಿಲ್ಲ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಣ್ಣನದು ಬಜಾರಿನಲ್ಲಿ ಬಳೆ ಅಂಗಡಿ. ಅಣ್ಣ ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂತು, ಯಾರಾದರೂ ಬಳೆಯ ಡಬ್ಬಿಗೆ ಕೈ ಹಾಕಿದ ಸದ್ದು ಬಂದರೆ ಕೆಮ್ಮುವುದು ಅವನ ಕೆಲಸ. ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಹಾಕಿಕೊಂಡು, ಕೇಳುತ್ತ ಕೇಳುತ್ತ ಕನ್ನಡ ಟೈಪಿಂಗ್ ಕಲಿತಿದ್ದ. ಗದಗಿನ ಕಾಲೇಜೊಂದರ ಮೇಡಂ ಒಬ್ಬರು ಬೆಟಗೇರಿಯ ನೇಕಾರರ ಮಾತುಗಳನ್ನು ರೆಕಾರ್ಡ್ ಮಾಡಿಸಿದ್ದರು, ಅವನ್ನೆಲ್ಲ ಟೈಪ್ ಮಾಡುವವರು ಬೇಕಾಗಿತ್ತು. ಒಬ್ಬ ಅಜ್ಜಿಯ ರೆಕಾರ್ಡಿಂಗ್ ಕಳಿಸಿ, ಸೋಮವಾರ ಮಧ್ಯಾಹ್ನದೊಳಗೆ ಮಾಡಿಕೊಡು, ಸರಿಯಾಗಿದ್ದರೆ ಉಳಿದದ್ದೆಲ್ಲ ನಿನಗೇ ಎಂದಿದ್ದರು. ಅಣ್ಣ ಹೇಳಿದ್ದು ಬೇರೆ: "ಸೋಮವಾರ ಆಗಲಿಲ್ಲಂದ್ರ ಲ್ಯಾಪ್‌ಟಾಪ್ ತಂಗಿ ಗಂಡಗ ಕೊಡ್ತೀನಿ. ನೀ ಸುಮ್ನ ಅಂಗಡ್ಯಾಗ ಕುಂಡ್ರು."

ಅರ್ಧ ಟೈಪಾಗಿತ್ತು. ಶುಕ್ರವಾರ ಲ್ಯಾಪ್‌ಟಾಪ್ ಮೂಕಾಯಿತು. ಅಜ್ಜಿಯ ದನಿಯೂ ಇಲ್ಲ, ಓದಿ ಹೇಳುವ ದನಿಯೂ ಇಲ್ಲ. ನಮಗೆ ಸೌಂಡ್ ಹೋದರೆ ಹಾಡು ಹೋಗುತ್ತದೆ, ಅವನಿಗೆ ಇಡೀ ಯಂತ್ರವೇ ಹೋಯಿತು. ಓದಿ ಹೇಳುವ ದನಿ ಮೊಬೈಲಿನಲ್ಲೂ ಇತ್ತು, ಅದಕ್ಕೆ ಬಾಯಲ್ಲಿ ಹೇಳಿ ಬರೆಸಿ ಗ್ರೂಪಿಗೆ ಹಾಕಿದ: "ಲ್ಯಾಪ್‌ಟಾಪಿನ ದನಿ ಪೂರಾ ಬಂದ್ ಆಗೇತ್ರಿ. ಸೋಮವಾರದೊಳಗ ಕೆಲಸ ಮುಗಿಸಿ ಕೊಡಬೇಕ್ರಿ. ದಯಮಾಡಿ ಹೇಳ್ರಿ."

ಅಡ್ಮಿನ್ ಸಾಹೇಬರ ಉತ್ತರ ತಕ್ಷಣ ಬಂತು. "ಫೋಟೊ?"

ದನಿಯ ಫೋಟೊ ಹೇಗೆ ತೆಗೆಯುತ್ತಾರೋ ಆ ದೇವರೇ ಬಲ್ಲ. ಅವನು ಅತ್ತಿಗೆಯ ಕೈಯಲ್ಲಿ ಫೋಟೊ ತೆಗೆಸಿ ಹಾಕಿದ. ಪರದೆ ಕಪ್ಪಗಿತ್ತು. ಹೆಂಚಿನ ತಳದಷ್ಟು ಕಪ್ಪು. ಅಷ್ಟೇ ಸಾಕಾಯಿತು ನಮ್ಮವರಿಗೆ. ಶಿರಹಟ್ಟಿಯ ಪಂಡಿತ ಬರೆದ: "ಸೌಂಡ್ ಬಿಡ್ರಿ, ನಿಮ್ಮ ಡಿಸ್ಪ್ಲೇ ಡ್ರೈವರ್ ಹೋಗೇತಿ." ಮುಂಡರಗಿಯವನು, "ನಾ ಮೊದ್ಲ ಹೇಳಿದ್ದೆ, ಆ ಡಿಸ್ಟ್ರೋ ಹಾಕಬ್ಯಾಡ್ರಿ ಅಂತ" ಎಂದ. ಯಾರಿಗೆ ಹೇಳಿದ್ದ, ಯಾವಾಗ ಹೇಳಿದ್ದ? ಆ ಲಕ್ಷ್ಮೇಶ್ವರದವನ ಡಿಸ್ಟ್ರೋ ಯಾವುದೆಂದು ಇನ್ನೂ ಯಾರೂ ಕೇಳಿರಲೇ ಇಲ್ಲ!

ಶನಿವಾರ ಇಡೀ ದಿನ ಪರದೆಯ ಚಿಕಿತ್ಸೆ ನಡೆಯಿತು. ಒಬ್ಬೊಬ್ಬರೂ ಮೊಳದುದ್ದದ ಆಜ್ಞೆಗಳನ್ನು ಎಲ್ಲಿಂದಲೋ ಎತ್ತಿ ತಂದು ಸುರಿದರು. ಇದನ್ನು ಟೈಪ್ ಮಾಡಿ, ಅದನ್ನು ತೆಗೆಯಿರಿ, ಇದನ್ನು ಹಾಕಿರಿ. ಅದು ಏನು ಮಾಡುತ್ತದೆ ಎಂದು ಹೇಳುವ ಪದ್ಧತಿಯೇ ಇಲ್ಲ. ಲಕ್ಷ್ಮೇಶ್ವರದವನು ನಡುನಡುವೆ "ಸ್ಕ್ರೀನ್ ಅಲ್ರಿ, ನನಗ ದನಿ ಬೇಕ್ರಿ" ಎಂದು ಗೋಗರೆಯುತ್ತಿದ್ದ. "ಮೊದಲು ಸ್ಕ್ರೀನ್, ಆಮ್ಯಾಲ ಸೌಂಡ್. ಹೇಳಿದಷ್ಟು ಮಾಡ್ರಿ" ಎಂಬ ಗದರಿಕೆ. ನನಗೆ ಮೈ ಉರಿಯಿತು. "ಅವರು ಕೇಳಿದ್ದು ದನಿ ಬಗ್ಗೆ, ಅದನ್ನ ಹೇಳ್ರಲ್ಲ" ಎಂದು ಹಾಕಿದೆ. ಅಡ್ಮಿನ್ ಸಾಹೇಬರು ನಗುವ ಗೊಂಬೆಯೊಂದಿಗೆ ಬರೆದರು: "ಮೇಡಂ, ಕಾರ್ಡ್ ಡಿಸೈನ್ ನಿಮ್ದು. ಇದು ನಮಗ ಬಿಡ್ರಿ." ಬಿಟ್ಟೆ ನೋಡಿ, ಹಲ್ಲು ಕಚ್ಚಿಕೊಂಡು.

ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಫೋನ್ ತೆಗೆದರೆ, ಗ್ರೂಪಿನಲ್ಲಿ ಆಗತಾನೇ ಬಂದ ಒಂದು ದನಿ ಸಂದೇಶ. ನಿಯಮ ಮುರಿದವರು ಯಾರಪ್ಪಾ ಎಂದು ಒತ್ತಿ ಕಿವಿಗಿಟ್ಟುಕೊಂಡೆ.

"ಸರ್, ಸಿಟ್ಟಾಗಬ್ಯಾಡ್ರಿ. ನನಗ ಕಣ್ಣು ಕಾಣಂಗಿಲ್ರಿ. ಸ್ಕ್ರೀನ್ ತೊಗೊಂಡು ನಾ ಏನ್ ಮಾಡ್ಲಿ? ನನಗ ದನಿ ಬೇಕ್ರಿ. ನಾಳೆ ಮಧ್ಯಾಹ್ನದೊಳಗ ಆಗಲಿಲ್ಲಂದ್ರ ನನ್ನ ಕೆಲಸಾ ಹೋಗ್ತೇತ್ರಿ."

ಕೇಳಿ ಮುಗಿಸಿ ಉತ್ತರ ಬರೆಯೋಣವೆಂದು ನೋಡಿದರೆ ಸಂದೇಶವೇ ಇಲ್ಲ. ಅಡ್ಮಿನ್ ಅಳಿಸಿದ್ದರು. ಕೆಳಗೆ ಅವರದೇ ಒಕ್ಕಣೆ: "ರೇಡಿಯೋ ಅಲ್ಲ ಅಂತ ಎಷ್ಟ ಸಲ ಹೇಳೂದ್ರಿ? ಫೋಟೊ ಹಾಕ್ರಿ." ಕೇಳಿ ಅಳಿಸಿದ್ದರೆ ಅವರನ್ನು ಕಲ್ಲೆದೆಯವರು ಎನ್ನಬಹುದಿತ್ತು. ಅವರು ಕೇಳಿರಲೇ ಇಲ್ಲ. ಅದಕ್ಕೇನು ಹೆಸರು ಇಡಬೇಕೋ ನನಗೆ ತೋಚಲಿಲ್ಲ, ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ನಂಬರಿಗೆ ನೇರ ಫೋನ್ ಹಚ್ಚಿದೆ. "ತಮ್ಮಾ, ದನಿ ಹೋಗೂಕಿಂತ ಮೊದಲು ಏನಾಗಿತ್ತು ಹೇಳು" ಎಂದೆ. ಅಲ್ಲಿವರೆಗೆ ಅವನಿಗೆ ಈ ಪ್ರಶ್ನೆಯನ್ನು ಒಬ್ಬನೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದ: "ಏನಿಲ್ಲ ಅಕ್ಕಾರ. ತಂಗಿ ಗಂಡ ಬಂದಿದ್ರು. ಲಗ್ನದ ವಿಡಿಯೋ ನೋಡಾಕ ಲ್ಯಾಪ್‌ಟಾಪಿಗೆ ಟಿವಿ ವೈರ್ ಹಚ್ಚಿದ್ರು. ಎಲ್ಲಾರೂ ನೋಡಿದ್ರು. ವೈರ್ ತಗದು ಹ್ವಾದ್ರು."

ಆಯಿತಲ್ಲ! ಆ ಅಳಿಯರಾಯರು ದನಿ ಟಿವಿಯಲ್ಲಿ ಬರಲೆಂದು ಸೆಟ್ಟಿಂಗ್ ಬದಲಿಸಿದ್ದಾರೆ. ವೈರು ಕಿತ್ತರು, ಸೆಟ್ಟಿಂಗ್ ಹಾಗೇ ಬಿಟ್ಟರು. ಪಾಪದ ಲ್ಯಾಪ್‌ಟಾಪ್ ಇಲ್ಲದ ಟಿವಿಗೆ ಓದಿ ಹೇಳುತ್ತ ಕೂತಿದೆ. ಫೋನಿನಲ್ಲಿ ಹೇಳಿ ಮಾಡಿಸೋಣವೆಂದರೆ ಅವನು ಎಲ್ಲಿ ಒತ್ತಿದ, ಏನಾಯಿತು ಎಂದು ಅವನಿಗೂ ತಿಳಿಯದು, ನನಗೂ ತಿಳಿಯದು. ಚಹಾದ ಲೋಟ ಅಲ್ಲೇ ಇಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಲಕ್ಷ್ಮೇಶ್ವರದ ಅವರ ಮನೆಯಲ್ಲಿ ಅತ್ತಿಗೆ "ಬರ್ರಿ ಅಕ್ಕಾ, ಕುಂಡ್ರಿ" ಎಂದು ಚಾಪೆ ಹಾಸಿ, ನೀರು ಕೊಟ್ಟು, ಮಂಡಕ್ಕಿಯ ಚುನಮರಿ ಹಚ್ಚಲು ಒಳಗೆ ಹೋದರು. ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತವನ ಮುಖ ಬಾಡಿತ್ತು. ಪರದೆ ಫೋಟೊದಲ್ಲಿದ್ದಂತೆಯೇ ಕಪ್ಪು. ಯಾಕೋ ಅನುಮಾನ ಬಂದು ಬೆಳಕು ಹೆಚ್ಚಿಸುವ ಕೀಲಿ ಒತ್ತಿದೆ. ಝಗ್ಗನೆ ಬೆಳಗಿತು.

"ಅಯ್ಯ, ಸ್ಕ್ರೀನಿಗೆ ಏನೂ ಆಗಿಲ್ಲಲ್ಲೋ!" ಎಂದೆ.

"ಏನಾಗ್ತೇತ್ರಿ ಅದಕ್ಕ? ನಾ ಯಾವಾಗ್ಲೂ ಬೆಳಕು ಬಂದ್ ಮಾಡೇ ಇಟ್ಟಿರ್ತೀನಿ. ನನಗ ಯಾಕ ಬೇಕು? ಬ್ಯಾಟರಿ ಸುಮ್ನ ತಿಂತೈತಿ."

ಆ ಮನೆಯಲ್ಲಿ ಲ್ಯಾಪ್‌ಟಾಪ್ ಎಂದರೆ ಯಾವಾಗಲೂ ಕಪ್ಪು ಪರದೆಯೇ. ಅದಕ್ಕೇ ಅತ್ತಿಗೆಗೆ ಫೋಟೊ ತೆಗೆಯುವಾಗ ವಿಚಿತ್ರವೇನೂ ಅನಿಸಿಲ್ಲ. ಒಂದು ತಾಲೂಕೂ ಬಿಡದಂತೆ ಪಂಡಿತರೆಲ್ಲ ಸೇರಿ ಚಿಕಿತ್ಸೆ ಮಾಡಿದ್ದು ಇದಕ್ಕೆ, ಬ್ಯಾಟರಿ ಉಳಿಸುವ ಜಾಣತನಕ್ಕೆ.

ಹಾಗಾದರೆ ಅವರು ಕೊಟ್ಟ ಆಜ್ಞೆಗಳು? ಅವನ್ನು ಹಾಕಿದ್ದರೆ ನಿಜವಾಗಿಯೂ ಪರದೆ ಕೆಡಬೇಕಿತ್ತಲ್ಲ? "ಎಲ್ಲಾ ಹಾಕೀನ್ರಿ ಅಕ್ಕಾರ, ಒಂದೂ ಬಿಟ್ಟಿಲ್ಲ" ಎಂದ ಅವನು, ಪರೀಕ್ಷೆ ಬರೆದವನ ಹಾಗೆ. ಆಜ್ಞೆ ಬರೆಯುವ ಕಿಟಕಿಯನ್ನು ತೆರೆಯಲು ಶಿರಹಟ್ಟಿಯವನು ಯಾವುದೋ ಕೀಲಿಗಳನ್ನು ಹೇಳಿದ್ದ. ಅವನ ತಳಿಯಲ್ಲಿ ತೆರೆಯುತ್ತದೆ, ಈ ಲ್ಯಾಪ್‌ಟಾಪಿನಲ್ಲಿ ಆ ಕೀಲಿಗಳಿಗೆ ಕಿಟಕಿ ತೆರೆಯುವ ಏರ್ಪಾಡೇ ಇರಲಿಲ್ಲ. ಮೂಕ ಯಂತ್ರ ಅದನ್ನು ಹೇಳುವುದಾದರೂ ಹೇಗೆ? ತೆರೆದಿದ್ದದ್ದು ಅಜ್ಜಿಯ ಮಾತಿನ ಕಡತ ಒಂದೇ. ಅಷ್ಟೂ ಆಜ್ಞೆಗಳು ಒಂದರ ಕೆಳಗೊಂದು ಅದರ ಕೊನೆಗೆ ಹೋಗಿ ಕೂತಿದ್ದವು, ಯಾರಿಗೂ ಏನೂ ಮಾಡದೆ. ಆ ಗ್ರೂಪಿನ ಜ್ಞಾನ ಅಷ್ಟು ನಿರುಪದ್ರವಿಯಾಗಿ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಕ್ಕೆನೋ ನಕ್ಕೆ.

ದನಿಯ ಸೆಟ್ಟಿಂಗ್ ತೆರೆದು, ಟಿವಿ ಎಂದಿದ್ದ ಕಡೆ ಲ್ಯಾಪ್‌ಟಾಪಿನ ಸ್ಪೀಕರ್ ಎಂದು ಒತ್ತಿದೆ. ಒಂದೇ ಒತ್ತು. ಓದುವ ದನಿ ಬಾಯಿ ಬಿಟ್ಟಿತು: "ನಮ್ಮವ್ವ ಮಗ್ಗದ ಮುಂದ ಕುಂತಳಂದ್ರ ಉಣ್ಣಾಕೂ ಏಳ್ತಿದ್ದಿಲ್ಲ..." ಅವನು ಕೈ ಎತ್ತಿ ಎದೆಯ ಮೇಲಿಟ್ಟುಕೊಂಡ. ಅಳುತ್ತಾನೇನೋ ಎಂದುಕೊಂಡೆ. ದನಿ ಅಜ್ಜಿಯ ಮಾತು ಮುಗಿಸಿ ಅದೇ ರಾಗದಲ್ಲಿ ಪಂಡಿತರ ಆಜ್ಞೆಗಳನ್ನು ಓದತೊಡಗಿದಾಗ ಅವನಿಗೂ ನಗು ತಡೆಯಲಾಗಲಿಲ್ಲ.

"ಮೊದಲ ಮೆಸೇಜಿನ್ಯಾಗ ಕಣ್ಣಿನ ಸುದ್ದಿ ಯಾಕ ಹೇಳಲಿಲ್ಲ ತಮ್ಮಾ?" ಎಂದು ಕೇಳಿದೆ.

"ಹೇಳಿದ್ರ ಅಯ್ಯೋ ಪಾಪ ಅಂತಿದ್ರು ಅಕ್ಕಾರ, ಉತ್ತರಾ ಯಾರೂ ಕೊಡ್ತಿದ್ದಿಲ್ಲ. ಒಮ್ಮೆರ ಎಲ್ಲಾರಂಗ ಕೇಳೂಣು ಅಂತ ಮಾಡಿದ್ದೆ." ಎಲ್ಲರಂತೆ ಕೇಳಿದ, ಎಲ್ಲರಿಗೆ ಆದದ್ದೇ ಆಯಿತು.

ಸೋಮವಾರ ಬೆಳಿಗ್ಗೆಯೇ ಕೆಲಸ ಮುಗಿಸಿ ಕಳಿಸಿದ. ಆಜ್ಞೆಗಳನ್ನು ಅಳಿಸಿದ್ದಾನೋ ಇಲ್ಲವೋ ಎಂದು ನಾನೇ ಎರಡು ಸಲ ಕೇಳಿದೆ. ಆ ವಾರದಲ್ಲೇ ಮೇಡಂ ಉಳಿದ ರೆಕಾರ್ಡಿಂಗುಗಳನ್ನೆಲ್ಲ ಅವನಿಗೇ ಕೊಟ್ಟರು. ಬಳೆ ಅಂಗಡಿಯಲ್ಲಿ ಅಣ್ಣ ಊಟಕ್ಕೆ ಹೋಗುವಾಗ ಈಗ ಬಾಗಿಲು ಎಳೆದುಕೊಂಡು ಹೋಗುತ್ತಾನಂತೆ.

ಹುಡುಗ ಸಭ್ಯಸ್ಥ. ಗ್ರೂಪಿನಲ್ಲಿ ಬರೆದ: "ದನಿ ಬಂತ್ರಿ. ಎಲ್ಲಾರಿಗೂ ಭಾಳ ಉಪಕಾರ ಆತು." ಅಡ್ಮಿನ್ ಕೇಳಿದರು: "ಫೋಟೊ?" ಅವನು ಅತ್ತಿಗೆಯ ಕೈಯಲ್ಲಿ ತೆಗೆಸಿ ಹಾಕಿದ. ಅದೇ ಕಪ್ಪು. ಶಿರಹಟ್ಟಿಯಿಂದ ಒಡನೆ ಬಂತು: "ಇನ್ನೂ ಕಪ್ಪ ಐತಲ್ರಿ, ಡ್ರೈವರ್ ಸರಿ ಆಗಿಲ್ಲ." ಮುಂಡರಗಿಯಿಂದ: "ನಾ ಹೇಳಿಲ್ಲೇನು, ಡಿಸ್ಟ್ರೋ ಬದಲಿ ಮಾಡ್ರಿ." ಮತ್ತೆ ಆಜ್ಞೆಗಳು ಸುರಿಯತೊಡಗಿದವು.

ನನಗೆ ಸಿಟ್ಟು ನೆತ್ತಿಗೇರಿ ಅವನಿಗೇ ಫೋನ್ ಮಾಡಿದೆ. "ನೋಡಿದೇನೋ ಆ ಮಂದೀನ? ಇವತ್ತ ಒಬ್ಬೊಬ್ಬರನ್ನ ಹಿಡದು ಝಾಡಸ್ತೀನಿ ನಾ."

ಹಿಂದೆ ಯಾರೋ ಮುದುಕಿಯ ದನಿ ಸಣ್ಣಗೆ ಕೇಳುತ್ತಿತ್ತು, ಮಗ್ಗದ ಸುದ್ದಿ ಹೇಳುತ್ತಿದ್ದಳು.

"ಬಿಡ್ರಿ ಅಕ್ಕಾರ" ಎಂದ ಅವನು. "ಆ ಗ್ರೂಪಿನ ದನಿ ನಾನ ಬಂದ್ ಮಾಡಿ ಇಟ್ಟೀನಿ. ಇಲ್ಲೆ ಅಜ್ಜಿ ಮಾತಾಡಾಕ ಹತ್ಯಾಳ, ಕೇಳಬೇಕು."