ಮೂಸಬ್ಬನ ಮೆನೇಜರ್

ಮೂಸಬ್ಬನ ಕಥೆ ಹೇಳಲು ಹೊರಟರೆ ಮೊದಲು ಫುಟ್ಬಾಲಿನ ಕಥೆಯನ್ನೇ ಹೇಳಬೇಕು. ಹಾಗೆಂದು ಅವನು ಜೀವಮಾನದಲ್ಲಿ ಒಮ್ಮೆಯೂ ಚೆಂಡು ಒದ್ದವನಲ್ಲ. ಬಂಟ್ವಾಳ ಪೇಟೆಯಲ್ಲಿ ಹೊಳೆಗೆ ಇಳಿಯುವ ದಾರಿಯ ತಲೆಯಲ್ಲಿ ಅವನದೊಂದು ಚಾದ ಹೋಟೆಲು. ಅದರ ಜಗಲಿಯ ಮೂಲೆಯಲ್ಲಿ ನನ್ನ ಹೊಲಿಗೆ ಮಿಷನು. ಪದ್ಮಯ್ಯ ಟೈಲರ್ ಎಂದರೆ ಯಾರಾದರೂ ತೋರಿಸುತ್ತಾರೆ. ಇಪ್ಪತ್ತು ವರ್ಷ ಅಲ್ಲಿ ಕುಳಿತು ನಾನು ಊರಿನ ಅಂಗಿ ಹೊಲಿದಿದ್ದೇನೆ, ಇಪ್ಪತ್ತು ವರ್ಷ ಮೂಸಬ್ಬನ ಬಾಯಿ ಕೇಳಿದ್ದೇನೆ.

ಪಂದ್ಯದ ದಿನ ಹೋಟೆಲಿಗೆ ಬೀಗ. ಸುಗ್ಗಿ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ನಮ್ಮವರ ಆಟ ಶುರು. ಅರ್ಧ ಜನ ಬರಿಗಾಲು, ಅರ್ಧ ಜನ ಯಾರದೋ ಹಳೆಯ ಬೂಟು. ಮೂಸಬ್ಬ ಲುಂಗಿ ಎತ್ತಿ ಕಟ್ಟಿ, ಚೆಂಡು ಹೋದ ಕಡೆಗೆಲ್ಲ ಗೆರೆಯ ಹೊರಗಿನಿಂದ ತಾನೂ ಓಡುತ್ತಿದ್ದ. ಮಳೆಗಾಲದಲ್ಲಿ ಟೀಮಿನ ಚೆಂಡಿಗೆ ಬೂಸ್ಟು ಹಿಡಿಯಬಾರದೆಂದು ಅದನ್ನು ಒಲೆಯ ಮೇಲೆ ಹೊಗೆಗೆ ತೂಗುಹಾಕುತ್ತಿದ್ದ. "ಒಣಮೀನಿಗೆ ಸಹ ಈ ಮನೆಯಲ್ಲಿ ಜಾಗ ಇಲ್ಲ" ಎಂದು ಅವನ ಹೆಂಡತಿ ಬೀಯಮ್ಮ ಗೊಣಗುತ್ತಿದ್ದಳು.

ಆ ಟೀಮಿನಲ್ಲಿ ಮೂಸಬ್ಬನಿಗೆ ಇಬ್ಬರು ಎರಡು ಕಣ್ಣು. ಒಬ್ಬ ಗೋಲು ಕಾಯುವ ಗೋಲಿ ಡೊಂಬಯ್ಯ. ಹೊಳೆಯ ಆಚೆ ನರಿಕೊಂಬಿನವನು, ಮೂಸಬ್ಬನಿಗೆ ಏಳನೇ ವಯಸ್ಸಿನಿಂದ ಗೆಳೆಯ. ಹಂಚಿನ ಕಾರ್ಖಾನೆಯಲ್ಲಿ ಸಾಲಾಗಿ ನಿಂತು ಹಂಚನ್ನು ಕೈಯಿಂದ ಕೈಗೆ ಎಸೆಯುತ್ತಾರಲ್ಲ, ಆ ಸಾಲಿನಲ್ಲಿ ದಿನವಿಡೀ ಹಿಡಿದು ಹಿಡಿದು ಪಳಗಿದ ಕೈ ಅದು. ಕೆಲಸ ಬಿಟ್ಟವನು ದೋಣಿ ದಾಟಿ ನೇರ ಹೋಟೆಲಿಗೆ ಬರುವನು. ಮೂಸಬ್ಬ ಕೇಳದೆಯೇ ಚಾ ಇಡುವನು. ಅವರೊಳಗೆ ಅಂಥಾ ಮಾತೂ ಇರಲಿಲ್ಲ, ಇಬ್ಬರೂ ಹೊಳೆ ನೋಡುತ್ತ ಕೂರುವರು.

ಇನ್ನೊಬ್ಬರು ಧರ್ಣಪ್ಪ ಮಾಸ್ಟ್ರು. ಬೆಳ್ತಂಗಡಿ ಕಡೆಯಿಂದ ಡ್ರಿಲ್ ಮಾಸ್ಟ್ರಾಗಿ ಬಂದವರು ನಮ್ಮ ಟೀಮಿಗೆ ಮೆನೇಜರ್ ಆದರು. ಅವರು ಬರುವ ಮೊದಲು ನಮ್ಮ ಹನ್ನೊಂದು ಜನವೂ ಒಂದೇ ಚೆಂಡಿನ ಹಿಂದೆ ಓಡುತ್ತಿದ್ದರು. ನಿಂತಲ್ಲಿ ನಿಲ್ಲುವುದನ್ನು, ಇನ್ನೊಬ್ಬನಿಗೆ ಚೆಂಡು ಕೊಡುವುದನ್ನು ಕಲಿಸಿದ್ದು ಅವರು. ಎರಡು ವರ್ಷದಲ್ಲಿ ಎರಡು ಕಪ್ಪು ಬಂತು. ಮೂಸಬ್ಬನಿಗೆ ಅವರು ಹೇಳಿದ್ದೇ ವೇದವಾಯಿತು, ಅಲ್ಲ, ಅವನ ಲೆಕ್ಕದಲ್ಲಿ ಏನು ಹೇಳಬೇಕೋ ಅದಾಯಿತು.

ಐವತ್ತೈದನೇ ಇಸವಿಯಲ್ಲಿ ಮೂಡಬಿದ್ರೆಯಲ್ಲಿ ಫೈನಲ್. ಶನಿವಾರ. ನಮ್ಮ ಎದುರು ಮೂಡಬಿದ್ರೆಯವರದೇ ಟೀಮು, ಅಲ್ಲಿಯ ಅಕ್ಕಿ ಮಿಲ್ಲಿನ ಧಣಿಯೊಬ್ಬರು ಸಾಕಿದ್ದು. ನಾವೆಲ್ಲ ಬಸ್ಸಿನಲ್ಲಿ ಕೂತು ಕಾಯುತ್ತಿದ್ದೇವೆ, ಡೊಂಬಯ್ಯ ಇಲ್ಲ. ಕೊನೆಗೆ ಮೆನೇಜರ್ ಮುಖ ಸಣ್ಣದು ಮಾಡಿಕೊಂಡು ಬಂದರು.

"ಅವನ ಮನೆಗೇ ಹೋಗಿದ್ದೆ. ಕಳ್ಳು ಕುಡಿದು ಬಿದ್ದಿದ್ದಾನೆ. ಎಬ್ಬಿಸಿದರೂ ಏಳುವುದಿಲ್ಲ. ಹೋಗುವ."

ಆಗ ನಮ್ಮ ಕಡೆ ಪಾನನಿರೋಧ. ಬಾಯಿಯಲ್ಲಿ ವಾಸನೆ ಬಂದರೆ ಪೊಲೀಸರು ಎಳೆದೊಯ್ಯುವ ಕಾಲ. ಅಂಥದ್ದರಲ್ಲಿ ಫೈನಲಿನ ದಿನ ಕುಡಿದನೆಂದರೆ ಅವನೆಂಥವನಿರಬೇಕು! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಾವು. ಒಬ್ಬನಾದರೂ ಬಸ್ಸಿನಿಂದ ಇಳಿದು ಹೊಳೆ ದಾಟಿ ನೋಡಿ ಬರಲಿಲ್ಲ. ಮುಂದೆ ಆಡುವ ಉಮ್ಮರನನ್ನು ಗೋಲಿನಲ್ಲಿ ನಿಲ್ಲಿಸಿದೆವು. ಮೂರು ಗೋಲು ತಿಂದು, ಸೋತು ಊರಿಗೆ ಬಂದೆವು.

ಮರುದಿನ ಆದಿತ್ಯವಾರ ಬೆಳಿಗ್ಗೆ ಡೊಂಬಯ್ಯ ಹೋಟೆಲಿಗೆ ಬಂದ. ಟೀಮಿಗೆಂದು ನಾನೇ ಹೊಲಿದ ಹಸಿರು ಬನಿಯನು ಹಾಕಿದ್ದ, ಮೊಣಕಾಲಿಗೆ ಬಟ್ಟೆ ಸುತ್ತಿದ್ದ. "ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದ.

ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟು ಬರುವುದು ಇಲ್ಲಿ. ಕುಡಿದು ಬಿದ್ದವನು ಮರುದಿನ ಹಾಗೆ ಆಟಕ್ಕೆ ತಯಾರಾಗಿ ಬರುತ್ತಾನೆಯೇ? ಕಣ್ಣೆದುರು ನಿಂತಿದ್ದ ಸತ್ಯ ಅದು. ನಾವು ಅದನ್ನು ನಾಟಕ ಎಂದೆವು.

"ಆಟ ಆದಿತ್ಯವಾರಕ್ಕೆ ಹೋಗಿದೆ ಎಂದು ನಿನ್ನೆ ಬೆಳಿಗ್ಗೆ ಮಾಸ್ಟ್ರೇ ಕಾರ್ಖಾನೆಗೆ ಬಂದು ಹೇಳಿ ಹೋದರು" ಎಂದ ಡೊಂಬಯ್ಯ. ಮೆನೇಜರ್ ಅಲ್ಲಿಯೇ ಇದ್ದರು. ಬೆಂಚಿನಿಂದ ಏಳದೆ, ದುಃಖದಿಂದ ತಲೆ ಆಡಿಸಿದರು. ಅಷ್ಟು ಸಾಕಾಯಿತು. ಮೂಸಬ್ಬನಿಗೆ ಸಿಟ್ಟಿಗೆ ಮಂಡೆ ಬೆಚ್ಚಗಾಯಿತು.

"ಕುಡಿದದ್ದೂ ಅಲ್ಲದೆ ಮಾಸ್ಟ್ರ ಮೇಲೆ ಹಾಕ್ತೀಯಾ? ನಿನಗೆ ನಾಚಿಕೆ ಉಂಟಾ?"

"ನಾನು ಕುಡಿದಿಲ್ಲ ಮೂಸಬ್ಬ."

"ಹಾಗಾದರೆ ನಿನ್ನ ದೈವದ ಎದುರು ಆಣೆ ಹಾಕು. ಮಾಸ್ಟ್ರ ಪರವಾಗಿ ನಾನು ಎದುರು ನಿಲ್ತೇನೆ. ಹಾಕ್ತೀಯಾ?"

ಡೊಂಬಯ್ಯ ಅವನನ್ನು ನೋಡಿದ. ತುಂಬಾ ಹೊತ್ತು ನೋಡಿದ. "ಆಣೆ ಮಾತ್ರ ಹಾಕುವುದಿಲ್ಲ" ಎಂದ.

ಮುಗಿಯಿತು. ನಮ್ಮ ತುಳುನಾಡಿನಲ್ಲಿ ಆಣೆಗೆ ಹಿಂದೆ ಸರಿದವನೆಂದರೆ ತಪ್ಪು ಒಪ್ಪಿಕೊಂಡವನೇ. ಅದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? "ಇವತ್ತಿನಿಂದ ನಿನಗೆ ಇಲ್ಲಿ ಚಾ ಇಲ್ಲ" ಎಂದ ಮೂಸಬ್ಬ. ಒಳಗಿನಿಂದ ಬೀಯಮ್ಮ "ಏನು ಮಾತು ಅದು?" ಎಂದಳು. ಅವಳ ಮಾತು ಯಾರಿಗೆ ಕೇಳಬೇಕು? ಡೊಂಬಯ್ಯ ದೋಣಿ ಹತ್ತಿ ಹೋದವನು ಮತ್ತೆ ಈಚೆ ದಡದಲ್ಲಿ ಆಡಲಿಲ್ಲ.

ಎರಡು ತಿಂಗಳಲ್ಲಿ ಮೆನೇಜರೂ ಹೋದರು. ಎಲ್ಲಿಗೆ? ಮೂಡಬಿದ್ರೆಗೆ, ಅದೇ ಧಣಿಯ ಮಿಲ್ಲಿಗೆ ಮೇಲ್ವಿಚಾರಕರಾಗಿ, ಅದೇ ಟೀಮಿಗೆ ಮೆನೇಜರಾಗಿ.

ಅಲ್ಲಿಂದ ಎಂಟು ವರ್ಷ ಹೋಟೆಲಿನಲ್ಲಿ ಒಂದೇ ಜಗಳ. ಬೀಡಿ ಎಲೆಯ ಅಂಗಡಿಯ ರುಕ್ಮಯ್ಯನಿಗೆ ಮೆನೇಜರನ ಹೆಸರು ಎತ್ತಿದರೆ ಸಾಕು, "ಉಂಡ ಮನೆಗೆ ದ್ರೋಹ ಬಗೆದವ!" ಎಂದು ಎದ್ದು ನಿಲ್ಲುವನು. "ಅವರು ಕಲಿಸಿದ್ದನ್ನೇ ಅಲ್ವಾ ನೀವು ಇವತ್ತಿಗೂ ಆಡುವುದು? ಅವರು ಹೋದ ಮೇಲೆ ಒಂದು ಕಪ್ಪು ಉಂಟಾ?" ಎಂದು ಉಮ್ಮರ್ ಕೇಳುವನು. ಆಗ ಮೂಸಬ್ಬ ಚಾದ ಪಾತ್ರೆ ಕೆಳಗಿಟ್ಟು ಬರುವನು. ಅವನ ವಾದ ನಮಗೆಲ್ಲ ಬಾಯಿಪಾಠ.

"ಅವರು ಬಿಟ್ಟು ಹೋದದ್ದಲ್ಲ ಮಾರಾಯ, ಮನಸ್ಸು ಒಡೆದು ಹೋದದ್ದು. ಡೊಂಬಯ್ಯ ಅವತ್ತು ಹಾಗೆ ಮಾಡದಿದ್ದರೆ ಕಪ್ಪೂ ಇರ್ತಿತ್ತು, ಮೆನೇಜರೂ ಇರ್ತಿದ್ರು."

ಒಬ್ಬನ ಮೇಲಿನ ಪ್ರೀತಿಗೆ ಇನ್ನೊಬ್ಬನನ್ನು ದಿನವೂ ಅರೆದು ಹಾಕುತ್ತಿದ್ದ. ಆದರೆ ಸಂಜೆ ಐದೂವರೆಗೆ ಆಚೆ ದಡದಿಂದ ದೋಣಿ ಬಂದರೆ ಒಮ್ಮೆ ಆ ಕಡೆ ಕಣ್ಣು ಹೋಗುತ್ತಿತ್ತು. ನಾನು ನೋಡಿದ್ದೇನೆ. ನೋಡಿಲ್ಲ ಎಂದರೆ ಸುಳ್ಳಾಗುತ್ತದೆ.

ಅರವತ್ತಮೂರರಲ್ಲಿ ಮೂಡಬಿದ್ರೆಯ ಧಣಿ ತೀರಿಕೊಂಡರು. ಮಕ್ಕಳಿಗೆ ಫುಟ್ಬಾಲ್ ಬೇಡವಾಗಿ ಟೀಮು ಚದುರಿತು. ಧರ್ಣಪ್ಪ ಮಾಸ್ಟ್ರು ಬಂಟ್ವಾಳಕ್ಕೆ ತಿರುಗಿ ಬರಲು ತಯಾರುಂಟು ಎಂದು ಸುದ್ದಿ ಬಂತು. ಹೋಟೆಲಿನಲ್ಲಿ ಆ ವಾರ ಚಾ ತಣಿದದ್ದೇ ಹೆಚ್ಚು, ಕುಡಿದದ್ದು ಕಡಿಮೆ. ಬರಲಿ ಎಂದವರು ಅರ್ಧ, ಕಾಲು ಮುರಿಯುತ್ತೇವೆ ಎಂದವರು ಅರ್ಧ. ಕೊನೆಗೆ ಹೋಗಿ ಮಾತಾಡಿ ಬನ್ನಿ ಎಂದು ಮೂಸಬ್ಬನನ್ನೂ ನನ್ನನ್ನೂ ಕಳಿಸಿದರು. ಮೂಸಬ್ಬ ಹೊಸ ಅಂಗಿ ಹೊಲಿಸಿಕೊಂಡ. ಸಿದ್ಧಕಟ್ಟೆ ದಾಟುವವರೆಗೂ ಬಸ್ಸಿನಲ್ಲಿ ಅವನ ಬಾಯಿ ನಿಲ್ಲಲಿಲ್ಲ.

ಮಾಸ್ಟ್ರಿಗೆ ತಲೆ ನರೆತಿತ್ತು, ನಗು ಮಾತ್ರ ಅದೇ. ಕೂರಿಸಿದರು, ಬೆಲ್ಲ ನೀರು ಕೊಟ್ಟರು. "ಬರ್ತೇನೆ, ಯಾಕೆ ಬರುವುದಿಲ್ಲ?" ಎಂದರು. ಟೀಮಿನಲ್ಲಿ ಈಗ ಯಾರು ಯಾರು ಎಂದು ಕೇಳಿದರು. ಆಮೇಲೆ, "ಗೋಲಿಗೆ ಕಲಿಸ್ಲಿಕ್ಕೆ ನಮಗೆ ಡೊಂಬಯ್ಯ ಬೇಕು. ಅಂಥಾ ಕೈ ಈ ಜಿಲ್ಲೆಯಲ್ಲಿಯೇ ನಾನು ನೋಡಿಲ್ಲ" ಎಂದರು.

ಮೂಸಬ್ಬ ಗಾಬರಿಯಾದ. "ಆ ಕುಡುಕನಾ ಮಾಸ್ಟ್ರೆ?"

ಮಾಸ್ಟ್ರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು ಎಂದೇ ಹೇಳುತ್ತೇನೆ. "ಅಯ್ಯೋ ಮೂಸಬ್ಬ, ನೀನು ಇನ್ನೂ ಅದನ್ನು ನಂಬಿಕೊಂಡು ಕೂತಿದ್ದೀಯಾ? ಡೊಂಬಯ್ಯ ಕಳ್ಳು ಮುಟ್ಟುವವನಾ? ಧಣಿಗಳು ನನ್ನಲ್ಲಿ ಕೇಳಿದ್ದು ಒಂದೇ. ಅವನೊಬ್ಬ ಗೋಲಿನಲ್ಲಿ ಇರಬಾರದು ಎಂದು. ನನಗೂ ಒಂದು ಗಟ್ಟಿ ಕೆಲಸ ಬೇಕಿತ್ತು, ಡ್ರಿಲ್ ಮಾಸ್ಟ್ರಿಗೆ ಎಂತ ಉಂಟು? ಏನಾದರೊಂದು ಹೇಳಬೇಕಿತ್ತು, ಹೇಳಿದೆ. ಹೋಗಲಿ ಬಿಡು, ಆಟ ಅಲ್ವಾ!"

ಮೂಸಬ್ಬನ ಕೈಯಲ್ಲಿ ಲೋಟ ಇತ್ತು. ಕೆಳಗಿಟ್ಟ. "ಯಾ ಅಲ್ಲಾಹ್" ಎಂದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿಲ್ಲ. ನನಗೆ ಹೊಡೆಯಬೇಕು ಎಂದು ಕಂಡಿತು, ನಾನೂ ಹೊಡೆಯಲಿಲ್ಲ. ಇಬ್ಬರೂ ಎದ್ದು ಬಂದೆವು. ಬಸ್ಸಿನಲ್ಲಿ ಅವನು ಕಿಟಕಿಯ ಸರಳು ಹಿಡಿದುಕೊಂಡು ಅತ್ತ. ನಲವತ್ತೈದು ವರ್ಷದ ಗಂಡಸು, ಬಸ್ಸು ತುಂಬ ಜನ, ಅವನಿಗೆ ಅದರ ಗೊಡವೆಯೇ ಇರಲಿಲ್ಲ.

ಆದಿತ್ಯವಾರ ಮಧ್ಯಾಹ್ನ ಹೋಟೆಲಿನಲ್ಲಿ ಎಲ್ಲರೂ ಸೇರಿದರು. ಮೂಸಬ್ಬ ನಡುವೆ ನಿಂತು ಒಂದನ್ನೂ ಬಿಡದೆ ಹೇಳಿದ. ಮೆನೇಜರ್ ನಮ್ಮನ್ನು ಮಾರಿದ್ದು, ಡೊಂಬಯ್ಯನ ಮೇಲೆ ಸುಳ್ಳು ಹಾಕಿದ್ದು, ತಾನು ಅದನ್ನು ಎಂಟು ವರ್ಷ ಊರಿಗೆಲ್ಲ ಹಂಚಿದ್ದು. ಈಗ ಬೆಂಕಿ ಬೀಳುತ್ತದೆ ಎಂದು ನಾನು ಕಾದೆ.

ಉಮ್ಮರ್ ಗಂಟಲು ಸರಿ ಮಾಡಿಕೊಂಡ. "ಅವರು ಮಾಡಿದ್ದು ತಪ್ಪೇ. ಆದರೆ ಬರುವ ತಿಂಗಳು ಪುತ್ತೂರಿನಲ್ಲಿ ಆಟ ಉಂಟು. ನಮಗೆ ಬೇರೆ ಯಾರಿದ್ದಾರೆ?"

"ಹಳೆಯ ಕಥೆ" ಎಂದರು ಯಾರೋ. "ಸತ್ತ ಹುಲಿಯ ಮೀಸೆ ಎಣಿಸಿ ಎಂತ ಆಗ್ಲಿಕ್ಕುಂಟು?" ಎಂದರು ಇನ್ಯಾರೋ. ಬರಲಿ ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಎದ್ದ ಕೈ ಯಾರದು? ರುಕ್ಮಯ್ಯನದು! ಎಂಟು ವರ್ಷ ದ್ರೋಹಿ ದ್ರೋಹಿ ಎಂದು ಕೂಗಿದ ಅದೇ ರುಕ್ಮಯ್ಯ. ದ್ರೋಹ ಏನೆಂದು ಗೊತ್ತಾಗುವವರೆಗೆ ಮಾತ್ರ ಅವನಿಗೆ ಸಿಟ್ಟು ಇದ್ದದ್ದು. ಒಂದೊಂದೇ ಕೈ ಎದ್ದಿತು. ನನ್ನದೂ ಎದ್ದಿತು. ಯಾಕೆ ಸುಳ್ಳು ಹೇಳಲಿ? ಸಾಯುವ ಮೊದಲು ಇನ್ನೊಂದು ಕಪ್ಪು ನೋಡಬೇಕು ಎಂಬ ಆಸೆ ನನಗೂ ಇತ್ತು.

ಮೂಸಬ್ಬ ನನ್ನ ಕೈಯನ್ನೇ ನೋಡಿದ. "ನೀನೂನಾ ಪದ್ಮಯ್ಯ? ನೀನು ನಿನ್ನ ಕಿವಿಯಿಂದ ಕೇಳಿದವನಲ್ವಾ?" ಎಂದ. ಹೆಗಲ ಮೇಲಿನ ಬೈರಾಸನ್ನು ಬೆಂಚಿನ ಮೇಲೆ ಎಸೆದು ಹೊಳೆಯ ಕಡೆಗೆ ಇಳಿದ. ನಾಚಿಕೆಗೆಟ್ಟವನಂತೆ ನಾನೂ ಹಿಂದೆಯೇ ಹೋಗಿ ಅದೇ ದೋಣಿ ಹತ್ತಿದೆ.

ಡೊಂಬಯ್ಯ ಮನೆಯ ಎದುರು ಬೇಲಿ ಕಟ್ಟುತ್ತಿದ್ದ. ನಮ್ಮನ್ನು ಕಂಡು ಕತ್ತಿ ಕೆಳಗಿಡಲಿಲ್ಲ. ಅಂಗಳಕ್ಕೆ ಕರೆಯಲೂ ಇಲ್ಲ.

"ಡೊಂಬಯ್ಯ, ತಪ್ಪಾಯಿತು ಮಾರಾಯ. ನೀನು ಕುಡಿದಿರಲಿಲ್ಲ" ಎಂದ ಮೂಸಬ್ಬ.

"ಅದು ನನಗೆ ಗೊತ್ತುಂಟಲ್ಲ. ನನಗೇ ಬಂದು ಹೇಳ್ತೀಯಾ?"

ಬೇಲಿಯ ಈಚೆ ನಿಂತೇ ಮೂಸಬ್ಬ ಎಲ್ಲವನ್ನೂ ಹೇಳಿದ. ಡೊಂಬಯ್ಯ ಬಳ್ಳಿ ಬಿಗಿಯುತ್ತಲೇ ಕೇಳಿದ. "ಮತ್ತೆ ಮಾಸ್ಟ್ರನ್ನು ಕರ್ಕೊಳ್ತೀರಾ?" ಎಂದು ನನ್ನ ಕಡೆ ತಿರುಗಿದ. "ಕರ್ಕೊಳ್ತೇವೆ" ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಅವರ ಮೇಲೆ ನನಗೆ ಸಿಟ್ಟಿಲ್ಲ" ಎಂದ. "ಬೇರೆ ಊರಿನವರು, ಹೊಟ್ಟೆಪಾಡಿಗೆ ಮಾಡಿದರು."

"ಒಂದು ಆಣೆ ಹಾಕಿದ್ದರೆ ಮುಗಿಯುತ್ತಿತ್ತಲ್ಲ, ಡೊಂಬಯ್ಯ!" ಎಂದ ಮೂಸಬ್ಬ, ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು. "ನೀನು ಯಾಕೆ ಹಾಕಲಿಲ್ಲ?"

"ಎದುರು ನಿಲ್ತೇನೆ ಎಂದದ್ದು ಯಾರು? ನೀನು. ದೈವದ ಎದುರು ಆಣೆ ಹಾಕಿದ ಮೇಲೆ ಎದುರುಬದುರು ನಿಂತ ಇಬ್ಬರೊಳಗೆ ನೀರಿನ ಬಳಕೆ ಸಹ ಇಲ್ಲ, ಮಕ್ಕಳ ಕಾಲಕ್ಕೂ ಇಲ್ಲ. ನಿನಗೆ ಗೊತ್ತಿರಲಿಲ್ಲವಾ? ಊರು ಕುಡುಕ ಅಂದರೆ ಅನ್ನಲಿ, ನಿನ್ನ ಹತ್ತಿರ ಬಂದು ಕೂರ್ಲಿಕ್ಕೆ ಆಗಬೇಕಲ್ಲ ಎಂದು ಸುಮ್ಮನಾದೆ."

ಆ ಕಟ್ಟಳೆ ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಅವತ್ತು ಹೋಟೆಲಿನಲ್ಲಿದ್ದ ಒಬ್ಬನ ತಲೆಗೂ ಅದು ಹೋಗಲಿಲ್ಲ.

ಮೂಸಬ್ಬ ಬಾಯಿ ಬಿಟ್ಟು ಅಳತೊಡಗಿದ. "ಈಗ ನಂಬ್ತೇನೆ ಡೊಂಬಯ್ಯ. ನಿನ್ನನ್ನು ನಂಬ್ತೇನೆ. ನಾಳೆಯಿಂದ ಬಾ."

ಡೊಂಬಯ್ಯ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ನನ್ನನ್ನು ಎಲ್ಲಿ ನಂಬಿದೆ ಮೂಸಬ್ಬ? ಅವತ್ತು ನಾನು ಹೇಳಿದೆ, ನಂಬಲಿಲ್ಲ. ಇವತ್ತು ಮೆನೇಜರ್ ಹೇಳಿದರು, ನಂಬಿದೆ. ಈಗಲೂ ನೀನು ನಂಬಿದ್ದು ಅವರನ್ನೇ."

ಅಷ್ಟು ಹೇಳಿ ಅವನು ಮನೆಯೊಳಗೆ ಹೋದ. ಕತ್ತಲಾಗುವ ಮೊದಲು ಕೊನೆಯ ದೋಣಿ ಹೊರಡುತ್ತದೆಂದು ನಾನೇ ಮೂಸಬ್ಬನ ಕೈ ಹಿಡಿದು ಕರೆದುಕೊಂಡು ಬಂದೆ.