ಇಬ್ಬರೂ ಬರಬೇಕು

ಕಡೂರಿನ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾನು ಹದಿನೆಂಟು ವರ್ಷದಿಂದ ಜನರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುತ್ತಿದ್ದೇನೆ. ವಿಭಾ ಮೇಡಂಗೆ ಸಿಟ್ಟು ಜಾಸ್ತಿ ಎಂದು ಊರಿಗೆಲ್ಲ ಗೊತ್ತು. ಅರ್ಧ ಕಾಗದ ತಂದು ಪೂರ್ತಿ ಕೆಲಸ ಕೇಳುವವರನ್ನು ಕಂಡರೆ ಸಿಟ್ಟು ಬರದೆ ಇನ್ನೇನು ಬರಬೇಕು? ಆದರೆ ಆ ಸಿಟ್ಟಿನಲ್ಲಿ ಒಮ್ಮೆ ನಾನಾಡಿದ ಮಾತು ಒಬ್ಬರಿಗೆ ಎಂಟು ವರ್ಷ ಹಬ್ಬವಾಯಿತು. ಅವರೇ ಕೋಮಲಾ.

ಕೋಮಲಾ ಸಿಂಗಟಗೆರೆಯವರು. ನರ್ಸಿಂಗ್ ಓದಿ, ಹಿರೇನಲ್ಲೂರಿನಲ್ಲಿ ಕೆಲಸಕ್ಕೆ ಸೇರಿ, ಈಗ ತರೀಕೆರೆಯ ಆಸ್ಪತ್ರೆಯಲ್ಲಿದ್ದಾರೆ. ಅವರು ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ನನ್ನ ತಾಯಿ ರಕ್ತ ಪರೀಕ್ಷೆಗೆ ಕಡೂರು ಬಿಟ್ಟು ತರೀಕೆರೆಗೇ ಹೋಗಬೇಕೆಂದು ಹಟ ಹಿಡಿಯುತ್ತಾರೆ. ಗಂಡ ಧನಪಾಲ್ ಅಜ್ಜಂಪುರದವರು, ರೈಲ್ವೆಯಲ್ಲಿ ಸಿಗ್ನಲ್ ಟೆಕ್ನಿಷಿಯನ್. ಮದುವೆಯಾದ ಎರಡನೇ ವರ್ಷ ಮಹಾರಾಷ್ಟ್ರದ ಮಿರಜಿಗೆ ಹೋದವರು ಅಲ್ಲೇ ಉಳಿದಿದ್ದಾರೆ. ಕೋಮಲಾ ಅವರದು ಈ ರಾಜ್ಯದ ನೌಕರಿ, ಅಲ್ಲಿಗೆ ಹೋಗುವಂತಿಲ್ಲ. ಧನಪಾಲ್ ಅವರಿಗೆ ಇಲ್ಲಿಗೆ ವರ್ಗ ಸಿಕ್ಕಿಲ್ಲ. ತಿಂಗಳಿಗೊಮ್ಮೆ ವಾರದ ರಜೆಯ ದಿನ ಬೀರೂರಿನಲ್ಲಿ ರೈಲಿಳಿದು, ಮನೆಯಲ್ಲಿ ಊಟ ಮಾಡಿ, ಒಂದು ಗಳಿಗೆ ಮಲಗಿ, ಅಂದೇ ವಾಪಸ್ ಹೊರಡುತ್ತಾರೆ.

ಅದರ ಮೇಲೆ ಒಂದು ದಿನವೂ ರಜೆ ಹಾಕುವವರಲ್ಲ. ಬುದ್ಧ ಪೂರ್ಣಿಮೆಗೂ ಡ್ಯೂಟಿ, ಯುಗಾದಿಗೂ ಡ್ಯೂಟಿ. ತಾವು ರಜೆ ಹಾಕಿದರೆ ಇನ್ನೊಬ್ಬರು ಎರಡು ಪಾಳಿ ಮಾಡಬೇಕಲ್ಲ ಎಂಬ ಸಂಕೋಚ ಒಂದು ಕಡೆ. "ಅರ್ಜೀಲಿ ಕಾರಣ ಅಂತ ಒಂದು ಕಾಲಂ ಇರುತ್ತೆ ಮೇಡಂ. ಅಲ್ಲಿ ಸುಮ್ಸುಮ್ನೆ ಏನಂತ ಬರೆಯೋದು?" ಎಂದು ನನಗೇ ಒಮ್ಮೆ ಹೇಳಿದ್ದರು. ಸುಳ್ಳು ಬರೆಯಲು ಮನಸ್ಸು ಬಾರದು, ನಿಜ ಬರೆಯಲು ನಾಚಿಕೆ. ಇಂಥವರನ್ನು ಕಟ್ಟಿಕೊಂಡು ಕೋಮಲಾ ಏನು ಮಾಡಬೇಕು?

ಇಬ್ಬರೂ ಸೇರಿ ಸಾಲ ಮಾಡಿ ತರೀಕೆರೆಯಲ್ಲಿ ಮನೆ ಕೊಂಡ ವರ್ಷ ಅವರು ನನ್ನ ಹತ್ತಿರ ಮೊದಲು ಬಂದದ್ದು. ಬಂದದ್ದೆಂದರೆ ಕೋಮಲಾ ಒಬ್ಬರೇ. ಗಂಡನ ಸಂಬಳ, ತೆರಿಗೆ ಕಡಿತದ ವಿವರವಿರುವ ಫಾರಂ ಹದಿನಾರು ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದಿತ್ತು, ಅದರಲ್ಲೂ ಕೆಳಗಿನ ಅರ್ಧ ಪುಟ ಇರಲಿಲ್ಲ. ಸಾಲದ ಬಡ್ಡಿಯನ್ನು ಮಿರಜಿನಲ್ಲಿ ಅವರು ಪೂರ್ತಿ ತಮ್ಮದೆಂದು ತೋರಿಸಿದ್ದರು, ತರೀಕೆರೆಯಲ್ಲಿ ಇವರೂ ಪೂರ್ತಿ ತಮ್ಮದೆಂದು ತೋರಿಸಿದ್ದರು. ಅದನ್ನೆಲ್ಲ ಬಿಡಿಸುವಷ್ಟರಲ್ಲಿ ಮೂರು ದಿನ ನನ್ನ ತಲೆ ಕೆಟ್ಟಿತು. "ಮುಂದಿನ ವರ್ಷದಿಂದ ಗಂಡ ಹೆಂಡತಿ ಇಬ್ಬರೂ ನನ್ನೆದುರಿಗೆ ಕೂತ್ರೆ ಮಾತ್ರ ಫೈಲ್ ಮಾಡೋದು. ಇಬ್ಬರೂ ಬರಬೇಕು," ಎಂದು ರೇಗಿಬಿಟ್ಟೆ.

ಅದು ನನ್ನ ಕಾನೂನು. ಧನಪಾಲ್ ಅದನ್ನು ಸರ್ಕಾರದ ಕಾನೂನು ಎಂದುಕೊಂಡರು. ಮರುವರ್ಷ ಜುಲೈನಲ್ಲಿ ಅರ್ಜಿಯಲ್ಲಿ ಹಾಗೇ ಬರೆದು, ನಾಲ್ಕು ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನೆದುರಿಗೆ ಬಂದು ಕುಳಿತರು. ನನಗೆ ಇದು ತಿಳಿದದ್ದು ಅದರ ಮುಂದಿನ ವರ್ಷ. ಬೆಂಚಿನಲ್ಲಿ ಕಾಯುತ್ತಿದ್ದ ಷಡಕ್ಷರಿ ಮೇಷ್ಟ್ರಿಗೆ ಧನಪಾಲ್ ಬುದ್ಧಿ ಹೇಳುತ್ತಿದ್ದರು. "ಗಂಡ ಒಂದು ರಾಜ್ಯ, ಹೆಂಡ್ತಿ ಒಂದು ರಾಜ್ಯ ಆದ್ರೆ ಇಬ್ರೂ ಖುದ್ದು ಹಾಜರಾಗ್ಬೇಕು ಸಾರ್. ರೂಲ್ಸ್ ಐತೆ."

ನಾನು ಬಾಯಿ ತೆರೆದೆ. ನಮ್ಮ ದೇಶದಲ್ಲಿ ಗಂಡ ಹೆಂಡತಿಗೆ ಜಂಟಿ ರಿಟರ್ನ್ ಎಂಬುದೇ ಇಲ್ಲ. ಅವರವರ ಪ್ಯಾನ್, ಅವರವರ ರಿಟರ್ನ್. ಯಾರು ಯಾವ ರಾಜ್ಯದಲ್ಲಿದ್ದರೂ ಮೊಬೈಲಿಗೆ ಬಂದ ಒಟಿಪಿ ಹೇಳಿದರೆ ಕುಳಿತಲ್ಲೇ ಕೆಲಸ ಮುಗಿಯುತ್ತದೆ. ಇಷ್ಟನ್ನು ಹೇಳುವ ಮೊದಲೇ ಮೇಜಿನ ಮೇಲಿದ್ದ ನನ್ನ ಮಣಿಕಟ್ಟನ್ನು ಕೋಮಲಾ ಗಟ್ಟಿಯಾಗಿ ಹಿಡಿದರು.

ಸ್ವಲ್ಪ ಹೊತ್ತಿಗೆ ಗಂಡನನ್ನು ಕೆಳಗೆ ನಿಲ್ಲಿಸಿ ಒಬ್ಬರೇ ಮೇಲೆ ಬಂದರು. "ಅಂಥ ರೂಲ್ಸ್ ಇಲ್ಲ ಅಂತ ಅವ್ರು ಮೊದಲ್ನೇ ಸಲ ಬಂದಾಗ್ಲೇ ನಂಗೆ ಗೊತ್ತಾಯ್ತು ಮೇಡಂ, ನಮ್ ಆಸ್ಪತ್ರೆ ಭವ್ಯ ಹೇಳಿದ್ಲು. ಅವ್ರಿಗೆ ಹೇಳ್ಬೇಡಿ. ನಂಗೆ ವರ್ಷಕ್ಕೆ ಸಿಗೋದು ಇದೇ ನಾಲ್ಕು ದಿನ."

ಹೇಳಲಿಲ್ಲ. ನಾನು ಇಲಾಖೆಗೆ ಎಂದೂ ಸುಳ್ಳು ಬರೆದವಳಲ್ಲ, ಇದು ಇಲಾಖೆಯ ಕಿವಿಗೆ ಬೀಳುವ ಸುಳ್ಳೂ ಅಲ್ಲ. ಆ ನಾಲ್ಕು ದಿನದಲ್ಲಿ ಮೊದಲ ದಿನ ನನ್ನಲ್ಲಿ ಕೆಲಸ ಮುಗಿಸಿ ಮಸಾಲೆ ದೋಸೆ. ಎರಡನೇ ದಿನ ಬೈಕಿನಲ್ಲಿ ಕೆಮ್ಮಣ್ಣುಗುಂಡಿ, ನೆನೆದುಕೊಂಡು ಬರುವುದು, ಇಬ್ಬರಿಗೂ ನೆಗಡಿ. ಮೂರನೇ ದಿನ ಅಜ್ಜಂಪುರದಲ್ಲಿ ಅತ್ತೆ ಓಬಮ್ಮನವರ ಕೈಯೂಟ. ನಾಲ್ಕನೇ ದಿನ ಧನಪಾಲ್ ಮನೆಯ ಮಿಕ್ಸಿ, ಫ್ಯಾನು, ನಲ್ಲಿ ಎಲ್ಲ ಬಿಚ್ಚಿ ಕೂರುತ್ತಾರೆ, ಕೋಮಲಾ ಪಕ್ಕದಲ್ಲಿ ಸ್ಕ್ರೂ ಹಿಡಿದು ಕೂರುತ್ತಾರೆ. ಇದನ್ನೆಲ್ಲ ಕೋಮಲಾ ಪ್ರತಿ ವರ್ಷ ನನಗೆ ಹೇಳುತ್ತಿದ್ದರು, ನಾನೂ ಕೆಲಸ ಬದಿಗಿಟ್ಟು ಕೇಳುತ್ತಿದ್ದೆ.

ಈ ವರ್ಷ ಜೂನ್ ಮೊದಲ ವಾರ ಕೋಮಲಾ ಒಬ್ಬರೇ ಬಂದು ಬೆಂಚಿನ ಮೇಲೆ ಕುಳಿತರು. ಧನಪಾಲ್ ಅವರಿಗೆ ಎಂಜಿನಿಯರ್ ದರ್ಜೆಯ ಬಡ್ತಿಗೆ ತರಬೇತಿ ಬಂದಿತ್ತು. ಜುಲೈ ಪೂರ್ತಿ ತರಬೇತಿ, ಆಗಸ್ಟ್ ಮೊದಲ ವಾರ ಪರೀಕ್ಷೆ, ನಡುವೆ ಒಂದು ದಿನವೂ ರಜೆಯಿಲ್ಲ. ರಿಟರ್ನಿಗೆ ಕೊನೆಯ ದಿನ ಜುಲೈ ಮೂವತ್ತೊಂದು, ಅವರ ಫಾರಂ ಹದಿನಾರು ಬರುವುದೇ ಜುಲೈನಲ್ಲಿ. ಇನ್ನೊಮ್ಮೆ ಈ ಅವಕಾಶ ಬರುವಷ್ಟರಲ್ಲಿ ವಯಸ್ಸು ಮೀರಿರುತ್ತದೆ. "ರಿಟರ್ನಿಗೆ ಖುದ್ದು ಹೋಗದಿದ್ರೆ ತಪ್ಪಾಗುತ್ತೆ, ಬಡ್ತಿ ಬೇಡ ಅಂತ ಬರ್ಕೊಟ್ಬಿಡ್ತೀನಿ ಅಂತಾವ್ರೆ ಮೇಡಂ."

"ನಾನೇ ಫೋನ್ ಮಾಡಿ ಹೇಳ್ಲಾ?" ಎಂದೆ. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

"ಬೇಡ. ಮುಚ್ಚಿಟ್ಟೋಳು ನಾನು, ನಾನೇ ಹೇಳ್ಬೇಕು." ನನ್ನೆದುರಿಗೇ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದರು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು.

"ಯಾವಾಗಿಂದ ಗೊತ್ತು ನಿಂಗೆ?" ಎಂದರು ಧನಪಾಲ್.

"ಎಂಟು ವರ್ಷ ಆಯ್ತು."

"ಎಂಟು ವರ್ಷ ನನ್ ಕೈಲಿ ಸುಳ್ಳು ಬರೆಸಿದ್ಯಲ್ಲೇ." ಫೋನ್ ಇಟ್ಟರು.

ಧನಪಾಲ್ ತರಬೇತಿಗೆ ಹೋದರು. ಜುಲೈ ಇಪ್ಪತ್ತಕ್ಕೆ ಅವರ ಫಾರಂ ಹದಿನಾರು ನನಗೆ ಇಮೇಲಿನಲ್ಲಿ ಬಂತು, ಒಂದು ಪುಟವೂ ಕಡಿಮೆಯಿಲ್ಲದೆ. ಒಟಿಪಿ ಓದಿ ಹೇಳಿದರು, ಕಾಲು ಗಂಟೆಯಲ್ಲಿ ರಿಟರ್ನ್ ಮುಗಿಯಿತು. ಅಷ್ಟು ಅಚ್ಚುಕಟ್ಟಾಗಿ ಮುಗಿದ ಕೆಲಸದಿಂದ ನನಗೆ ಅಷ್ಟು ಬೇಜಾರು ಯಾವತ್ತೂ ಆಗಿರಲಿಲ್ಲ. ಹೆಂಡತಿಯ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಕೋಮಲಾ ತಮ್ಮ ರಿಟರ್ನಿಗೆ ಒಬ್ಬರೇ ಬಂದರು. ಗಂಡ ದಿನಾ ಫೋನ್ ಮಾಡುತ್ತಾರಂತೆ, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತಾರಂತೆ. "ಬಡ್ತಿ ಸಿಗ್ಲಿ ಮೇಡಂ, ಸಾಕು. ಅವ್ರು ಇನ್ನು ಬರಲ್ವೇನೋ ಅನ್ಸುತ್ತೆ," ಎಂದರು. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಕಾಫಿ ತರಿಸಿದೆ.

ಆಗಸ್ಟ್ ಮೂರನೇ ವಾರ ಕೋಮಲಾ ಡ್ಯೂಟಿ ಸೀರೆಯಲ್ಲೇ ಬಸ್ಸಿಳಿದು ನನ್ನ ಕೋಣೆಗೆ ಬಂದರು. ಏದುಸಿರು ಬಿಡುತ್ತಿದ್ದರು. ಧನಪಾಲ್ ಪಾಸಾಗಿದ್ದರು. ಆದರೆ ಅವರು ತೋರಿಸಿದ್ದು ಫಲಿತಾಂಶವನ್ನಲ್ಲ, ಗಂಡ ಬೆಳಿಗ್ಗೆ ಕಳಿಸಿದ್ದ ರಜೆ ಅರ್ಜಿಯ ಫೋಟೋವನ್ನು. ಹತ್ತು ದಿನದ ರಜೆ. ಕಾರಣದ ಎದುರಿಗೆ, ದುಂಡಗಿನ ಅಕ್ಷರದಲ್ಲಿ, ಹೆಂಡತಿಯನ್ನು ನೋಡಲು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಮೇಲಧಿಕಾರಿಯ ಸಹಿಯೂ ಬಿದ್ದಿತ್ತು.

ಫೋಟೋದ ಜೊತೆ ಒಂದೇ ಸಾಲಿನ ಮೆಸೇಜು ಇತ್ತು. ಕೋಮಲಾ ಅದನ್ನು ನನಗೆ ಓದಿ ಹೇಳಿದರು.

"ಇದು ನಿಜ ಕಣೇ, ಅದಕ್ಕೇ ಬರೆಯೋಕೆ ಇಷ್ಟು ವರ್ಷ ಆಯ್ತು."